ತಜಮ್ಮುಲ್ ಮತ್ತು ಐದನೆಯವರು

ತಜಮ್ಮುಲ್‌ಗೆ ಒಂದು ಕೆಟ್ಟ ಅಭ್ಯಾಸವಿತ್ತು. ಹೋಟೆಲಿನಲ್ಲಿ ಯಾರನ್ನಾದರೂ ಕರೆಯಬೇಕಾದರೆ ತುಟಿ ಮುಂದೆ ಮಾಡಿ ಮುತ್ತು ಕೊಟ್ಟ ಹಾಗೆ ಸದ್ದು ಮಾಡಿಬಿಡುತ್ತಿದ್ದ. ಬರ್ಮಾದ ಯಾಂಗೊನ್‌ನ ಟೀ ಅಂಗಡಿಗಳಲ್ಲಿ ಕರೆಯುವುದೇ ಹಾಗಂತೆ, ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲವಂತೆ. ಅಮೆರಿಕದ ನಮ್ಮ ಗೈದರ್ಸ್‌ಬರ್ಗ್‌ನ ಡೈನರ್‌ನಲ್ಲಿ ತಿಳಿಯುತ್ತಾರೆ. ಕಾಫಿ ತರುವ ಹೆಂಗಸು ಅವನನ್ನು ದುರುಗುಟ್ಟಿ ನೋಡಿದ ದಿನ ಅವನ ಹೆಂಡತಿ ನಾಸಿರಾ ಮೆನು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಗ ನಮಗೆ ನಗುವುದಕ್ಕೆ ಬೇಕಾದಷ್ಟು ಇತ್ತು.

ಅವನ ಮನೆ ನಮ್ಮ ಸಾಲಿನಲ್ಲೇ, ನಮ್ಮಿಂದ ಮೂರನೆಯ ಬಾಗಿಲು. ಮೈಸೂರಿನ ಮಂಡಿ ಮೊಹಲ್ಲಾದ ಹುಡುಗ. ಹುಡುಗ ಅಂದರೆ ಐವತ್ತೈದು ದಾಟಿದವನು, ಆದರೆ ಎಪ್ಪತ್ತಾರರ ಈ ಸುಶೀಲಾಗೆ ಹುಡುಗನೇ. ನಮ್ಮ ಮನೆಯವರು ಡಾಕ್ಟರ್ ಕೃಷ್ಣಸ್ವಾಮಿ. ೧೯೭೧ರಲ್ಲಿ ಈ ದೇಶಕ್ಕೆ ಬಂದು, ಕಂಡವರ ಹೃದಯವನ್ನೆಲ್ಲ ಪರೀಕ್ಷೆ ಮಾಡಿ, ರಿಟೈರ್ ಆದಮೇಲೆ ದೊಡ್ಡ ಮನೆ ಮಾರಿ ಈ ಟೌನ್‌ಹೌಸಿಗೆ ನನ್ನನ್ನು ಕರೆತಂದವರು. ಬಂದ ವಾರವೇ ತಜಮ್ಮುಲ್ ಪರಿಚಯವಾದ. ಇವರ ಮೈಸೂರು ಕನ್ನಡ ಕಿವಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಕಸದ ಚೀಲ ಕೆಳಗಿಟ್ಟು ಓಡಿ ಬಂದಿದ್ದ.

ಮಾತ್ರೆ ತಯಾರಿಸುವ ಕಂಪನಿಯಲ್ಲಿ ಗುಣಮಟ್ಟ ನೋಡುವುದು ಅವನ ಕೆಲಸ. ಕಂಪನಿ ಅವನನ್ನು ಮೊದಲು ಬ್ಯಾಂಕಾಕಿನಲ್ಲಿಟ್ಟಿತು, ಆಮೇಲೆ ಯಾಂಗೊನ್‌ನಲ್ಲಿ, ೨೦೧೮ರಿಂದ ಇಲ್ಲಿ. ಇಲ್ಲಿ ಬಂದಮೇಲೂ ಅವನ ಜೀವ ಮಾತ್ರ ಆ ಎರಡು ಊರುಗಳಲ್ಲೇ ಅರ್ಧರ್ಧ ಉಳಿದಿತ್ತು. ಊರಿನ ಸುದ್ದಿ ಮಾತಾಡುವವರು ನಮ್ಮಲ್ಲಿ ಬೇಕಾದಷ್ಟು ಜನ. ತಾನು ಹುಟ್ಟದ ಊರಿನ ಚುನಾವಣೆಗೆ ಊಟ ಬಿಟ್ಟು ಕೂತವನನ್ನು ನಾನು ನೋಡಿದ್ದು ಇವನೊಬ್ಬನನ್ನೇ.

೨೦೦೬ರಲ್ಲಿ ಬ್ಯಾಂಕಾಕಿನ ಬೀದಿಗೆ ಸೇನೆಯ ಟ್ಯಾಂಕ್ ಬಂದಾಗ ಜನ ಅದಕ್ಕೆ ಹೂವು ಸಿಕ್ಕಿಸಿದ್ದರಂತೆ. ಮೂರು ವರ್ಷದ ಮಗಳು ಹಮ್ನಾಳನ್ನು ಎತ್ತಿಕೊಂಡು ನಾಸಿರಾ ಆ ಟ್ಯಾಂಕಿನ ಮುಂದೆ ನಿಂತ ಫೋಟೊ ಅವರ ಮನೆಯಲ್ಲಿದೆ. "ನಮಗೇನು ಗೊತ್ತು ಆಂಟಿ, ಏನೋ ಹಬ್ಬ ಅನ್ಕೊಂಡ್ವಿ," ಅನ್ನುತ್ತಿದ್ದಳು. ನಾಲ್ಕು ವರ್ಷದ ಮೇಲೆ ಅದೇ ಊರಿನಲ್ಲಿ ಸೇನೆ ಜನರ ಮೇಲೆ ಹಾರಿಸಿದ ಗುಂಡಿನ ಸದ್ದು ಕೇಳಿದರು.

"ಥಾಯ್ಲೆಂಡಲ್ಲಿ ಸೇನೆಯೋರು ಗದ್ದುಗೇನ ನಗ್ತಾ ನಗ್ತಾ ಕಿತ್ಕೋತಾರೆ ಆಂಟಿ," ಅಂತ ತಜಮ್ಮುಲ್ ಹೇಳುತ್ತಿದ್ದ. "ಬರ್ಮಾದಲ್ಲಿ ಹೊಡೆದು ಕಿತ್ಕೋತಾರೆ. ಕಿತ್ಕೊಳ್ಳೋದಂತೂ ಗ್ಯಾರಂಟಿ."

ಹಾಗೆ ಹೇಳಿದವನೇ ೨೦೨೦ರ ಕೊನೆಗೆ, ಪ್ರತಿಭಟನೆಗಿಳಿದ ಬ್ಯಾಂಕಾಕಿನ ಹುಡುಗರು ಪೊಲೀಸರು ಚಿಮ್ಮಿಸುವ ನೀರಿಗೆ ಗಾಳಿ ತುಂಬಿದ ಹಳದಿ ಬಾತುಕೋಳಿಗಳನ್ನು ಅಡ್ಡ ಹಿಡಿದಾಗ, ಮಾಸ್ಕ್ ಹಾಕಿಕೊಂಡು ನಮ್ಮ ಹಿತ್ತಲ ಕಡೆಯ ಮರದ ಡೆಕ್ಕಿನ ಕೆಳಗೆ ನಿಂತು ಫೋನ್ ಎತ್ತಿ ತೋರಿಸಿದ. ಈ ಸಲ ಬದಲಾಗುತ್ತೆ ಅಂದ. ಕೋವಿಡ್‌ಗೆ ಹೆದರಿ ಒಳಗೆ ಕೂತಿದ್ದ ನಮಗೆ ಬಾತುಕೋಳಿ ಮಾತ್ರ ಕಂಡಿತು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಬರ್ಮಾದಲ್ಲಿ ಸೇನೆ ಗದ್ದುಗೆ ಕಿತ್ತುಕೊಂಡಿತು. ಯಾಂಗೊನ್‌ನ ಜನ ರಾತ್ರಿ ಎಂಟಕ್ಕೆ ಮನೆಮನೆಯಲ್ಲಿ ಪಾತ್ರೆ ಬಡಿಯತೊಡಗಿದರು. ಮನೆಯೊಳಗೆ ಸೇರಿದ ದೆವ್ವ ಓಡಿಸಲು ಅಲ್ಲಿ ಹಾಗೆ ಬಡಿಯುವುದು ರೂಢಿಯಂತೆ. ಅವರ ರಾತ್ರಿ ಎಂಟು ನಮಗೆ ತಿಂಡಿಯ ಹೊತ್ತು. ತಜಮ್ಮುಲ್ ದಿನಾ ಹಿಮದ ಡೆಕ್ಕಿನ ಮೇಲೆ ನಿಂತು ಕುಕ್ಕರಿನ ಮುಚ್ಚಳಕ್ಕೆ ಸೌಟಿನಿಂದ ಬಡಿದ. ನಮ್ಮ ಸಾಲಿನ ಮನೆಗಳ ಅಸೋಸಿಯೇಷನ್‌ನಿಂದ ನೋಟಿಸ್ ಬಂತು. ನಮ್ಮ ಮನೆಯವರಂತೂ ಕಿಟಕಿ ತೆರೆದು, "ಏನಯ್ಯಾ, ದೆವ್ವ ಇರೋದು ಬರ್ಮಾದಲ್ಲಿ, ನನ್ನ ನಿದ್ದೆ ಯಾಕೆ ಓಡಿಸ್ತೀಯ?" ಅಂದರು.

ಅಂದರೂ ಅವನ ಜೊತೆ ವಾಷಿಂಗ್ಟನ್‌ಗೆ ಹೋದರು. ಬರ್ಮಾದವರು ತಮ್ಮ ರಾಯಭಾರ ಕಚೇರಿಯ ಎದುರು ಸೇನೆಗೆ ವಿರೋಧದ ಗುರುತಾಗಿ ಮೂರು ಬೆರಳೆತ್ತಿ ನಿಂತಿದ್ದರು. ಇವರೂ ಬೆರಳೆತ್ತಿದರು. ದಾರಿಯುದ್ದಕ್ಕೂ ೧೯೭೫ರ ಕಥೆ. ನಮ್ಮ ದೇಶದಲ್ಲಿ ತುರ್ತು ಪರಿಸ್ಥಿತಿ ಬಂದಾಗ ಇವರು ಆಸ್ಪತ್ರೆಯ ಡ್ಯೂಟಿ ಮುಗಿಸಿ ಭಾರತದ ರಾಯಭಾರ ಕಚೇರಿಯ ಮುಂದೆ ಬೋರ್ಡ್ ಹಿಡಿದು ನಿಂತಿದ್ದರು. ಅದು ನಿಜ, ನಾನೂ ಪಕ್ಕದಲ್ಲಿದ್ದೆ, ಬಸುರಿ. ಪಾಸ್‌ಪೋರ್ಟ್ ಹೋಗಬಹುದಿತ್ತು, ಹೆದರಲಿಲ್ಲ. ಆ ಕಥೆಯನ್ನು ನಾನು ಐವತ್ತು ವರ್ಷದಿಂದ ಕೇಳುತ್ತಿದ್ದೇನೆ. ತಜಮ್ಮುಲ್ ಮೊದಲ ಸಲ ಕೇಳುವವನಂತೆ ಪ್ರತಿ ಸಲ ಕೇಳುತ್ತಿದ್ದ. ಅಪ್ಪನನ್ನು ಬೇಗ ಕಳೆದುಕೊಂಡವನು. ಅವನು ಅಂಕಲ್ ಅಂತ ಕರೆಯುವ ಇವರು ಅವನಿಗೆ ಕಣ್ಣಿಗೊತ್ತಿಕೊಳ್ಳುವಂಥ ಮನುಷ್ಯ.

ಭಾನುವಾರ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಹಾಲಿಲ್ಲದ, ಸಕ್ಕರೆಯಿಲ್ಲದ ಹಸಿರು ಟೀ ತರುತ್ತಿದ್ದ. ಯಾಂಗೊನ್‌ನ ಟೀ ಅಂಗಡಿಯಲ್ಲಿ ಪ್ರತಿ ಮೇಜಿನ ಮೇಲೂ ಆ ಟೀ ಬಿಟ್ಟಿಯಾಗಿ ಇಟ್ಟಿರುತ್ತಾರಂತೆ, ಎಷ್ಟು ಹೊತ್ತು ಬೇಕಾದರೂ ಕೂರಬಹುದಂತೆ. ಎದುರಿಗಿದ್ದವರ ಬಟ್ಟಲಿಗೆ ಮೊದಲು ಬಗ್ಗಿಸಬೇಕು, ತನ್ನದು ಆಮೇಲೆ. ನನಗೆ ಅದು ಭೇದಿಗೆ ಕೊಡುವ ಕಷಾಯದ ಹಾಗಿತ್ತು. ಇವರು ಮಾತ್ರ ಎರಡು ಬಟ್ಟಲು ಕುಡಿಯುತ್ತಿದ್ದರು.

ಆ ಟೀ ಕುಡಿಯುತ್ತಲೇ ತಜಮ್ಮುಲ್ ನಮಗೆ ಸೋ ಲಿನ್ ವಿಷಯ ಹೇಳಿದ್ದು.

ಸೋ ಲಿನ್ ಯಾಂಗೊನ್‌ನಲ್ಲಿ ಸಣ್ಣ ಪ್ರೆಸ್ ಇಟ್ಟುಕೊಂಡಿದ್ದವನು. ಹರೆಯದಲ್ಲಿ ಸೇನೆಯ ವಿರುದ್ಧ ಕರಪತ್ರ ಅಚ್ಚುಹಾಕಿ ಜೈಲು ಕಂಡವನು. ತಜಮ್ಮುಲ್‌ನ ಕಂಪನಿಯ ಔಷಧಿ ಲೇಬಲ್‌ಗಳು ಅವನಲ್ಲೇ ಅಚ್ಚಾಗುತ್ತಿದ್ದವು. ಸಂಜೆ ಇಬ್ಬರೂ ಟೀ ಅಂಗಡಿಯಲ್ಲಿ ಕೂತು ಲೇಬಲ್ ತಿದ್ದುವುದು, ಆಮೇಲೆ ದೇಶ ತಿದ್ದುವುದು. ೨೦೧೫ರಲ್ಲಿ ಬರ್ಮಾದವರು ಓಟು ಹಾಕಿದ ದಿನ ಸೋ ಲಿನ್ ಮಸಿ ಹಚ್ಚಿದ ಕಿರುಬೆರಳನ್ನು ತಜಮ್ಮುಲ್‌ನ ಕೈಗೆ ಒತ್ತಿ, "ಅರ್ಧ ನಿನಗೆ" ಅಂದಿದ್ದನಂತೆ. ಇದನ್ನು ಹೇಳುವಾಗ ಅವನು ತನ್ನ ಬೆರಳನ್ನೇ ನೋಡಿಕೊಳ್ಳುತ್ತಿದ್ದ.

ಎರಡು ವರ್ಷಕ್ಕೆ ಪಶ್ಚಿಮದ ಕಡೆ ರೋಹಿಂಗ್ಯಾ ಮುಸಲ್ಮಾನರ ಹಳ್ಳಿಗಳು ಉರಿದವು. ಲಕ್ಷಗಟ್ಟಲೆ ಜನ ಗಡಿ ದಾಟಿ ಓಡಿದರು. ಆ ದಿನಗಳಲ್ಲಿ ಒಮ್ಮೆ ತಜಮ್ಮುಲ್ ಪ್ರೆಸ್ಸಿಗೆ ಹೋದಾಗ ತನ್ನ ಲೇಬಲ್‌ಗಳ ಪಕ್ಕದಲ್ಲೇ ಒಂದು ಕರಪತ್ರ ಒಣಗಲು ಹಾಕಿತ್ತು. ಅಂಥ ಜನಾಂಗವೇ ನಮ್ಮ ದೇಶದಲ್ಲಿಲ್ಲ, ಅವರೆಲ್ಲ ನುಸುಳಿ ಬಂದವರು ಎಂದು ಬರೆದಿತ್ತು. ಸೋ ಲಿನ್ ಅದಕ್ಕೆ ಹಣ ತೆಗೆದುಕೊಂಡಿರಲಿಲ್ಲ, ಭಕ್ತಿಯಿಂದ ಮಾಡಿಕೊಟ್ಟಿದ್ದ. "ನೀನು ಬೇರೆ ತಜಮ್ಮುಲ್, ನೀನು ನಮ್ಮವನು," ಅಂದನಂತೆ.

"ನೀನೇನಂದೆ?" ಅಂತ ನಾನು ಕೇಳಿದೆ.

"ಏನೂ ಇಲ್ಲ ಆಂಟಿ. ಲೇಬಲ್ ಚೆಕ್ ಮಾಡಿ, ಟೀ ಕುಡಿದು ಬಂದೆ. ಎದುರಿಗಿರೋರಿಗೆ ಮುಜುಗರ ಆಗ್ಬಾರ್ದು ಅಂತ ಬಾಯಿ ಮುಚ್ಕೊಳ್ಳೋದಕ್ಕೆ ಬರ್ಮಾದಲ್ಲಿ ಒಂದು ಮಾತೇ ಇದೆ. ನಮ್ಮ ದಾಕ್ಷಿಣ್ಯನೇ ಅದು."

ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗವಿಲ್ಲ ಅಂತ ನಮ್ಮಮ್ಮ ಹೇಳುತ್ತಿದ್ದಳು. ನಾನೂ ಅದನ್ನೇ ಅಂದೆ. ಇವರು ನಕ್ಕರು.

ಮೂರು ವರ್ಷ ಆ ಸ್ನೇಹ ಸತ್ತಂತಿತ್ತು. ಸೇನೆ ಬಂದು ಪ್ರೆಸ್ಸಿಗೆ ಬೀಗ ಜಡಿದಮೇಲೆ, ಮಗಳು ಥಿರಿಯನ್ನು ಕರೆದುಕೊಂಡು ಥಾಯ್ಲೆಂಡಿನ ಗಡಿಯ ಊರಿಗೆ ಓಡಿಬಂದ ಸೋ ಲಿನ್ ಅಲ್ಲಿಂದ ಫೋನ್ ಮಾಡಿದ. ಸಹಾಯ ಕೇಳುವುದಕ್ಕೆ ಮೊದಲು ಆ ಕರಪತ್ರದ ಮಾತೆತ್ತಿದನಂತೆ. ಅವತ್ತು ಅವರ ಮನೆ ಸುಟ್ಟ ಸೈನ್ಯವೇ ಇವತ್ತು ನಮ್ಮ ಮನೆ ಸುಡುತ್ತಿದೆ, ಅವತ್ತು ನಾನು ಅಚ್ಚುಹಾಕಿದ್ದು ಪಾಪ, ಕ್ಷಮಿಸು ಅಂದನಂತೆ. ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ತಜಮ್ಮುಲ್ ಅತ್ತುಬಿಟ್ಟ. ಇಷ್ಟು ವರ್ಷದಲ್ಲಿ ನನಗೆ ಅನ್ಯಾಯ ಮಾಡಿದವರು ಬಾಯಿಬಿಟ್ಟು ಕ್ಷಮೆ ಕೇಳಿದ್ದು ಇದೊಂದೇ ಸಲ ಆಂಟಿ, ಅಂದ.

ಗಡಿಯ ಆ ಊರಿನಲ್ಲಿ ಕಾಗದಪತ್ರವಿಲ್ಲದವರ ಬಾಳು ದಿನಾ ಸಾಯುವ ಬಾಳು. ಪೊಲೀಸರು ಹಿಡಿದರೆ ನದಿ ದಾಟಿಸಿ ವಾಪಸು ಕಳಿಸುವ ಭಯ. ೨೦೨೩ರಲ್ಲಿ ಥಾಯ್ಲೆಂಡಿನ ಚುನಾವಣೆಯಲ್ಲಿ ಹೊಸಬರು ಗೆದ್ದಾಗ ಸೋ ಲಿನ್ ಬೆಲ್ಲ ಹಂಚಿದನಂತೆ. ಇವರು ಬಂದರೆ ನಮಗೂ ಇಲ್ಲಿರಲು ಒಂದು ಚೀಟಿ ಕೊಡುತ್ತಾರೆ ಅಂತ. ಗೆದ್ದವರನ್ನು ಕುರ್ಚಿಗೆ ಕೂರಲು ಬಿಡಲಿಲ್ಲ. ಮುಂದಿನ ವರ್ಷ ಆ ಪಕ್ಷವೇ ಇಲ್ಲವಾಯಿತು. ನಗ್ತಾ ನಗ್ತಾ ಕಿತ್ಕೊಂಡ್ರು ಅಂತ ತಜಮ್ಮುಲ್ ಹಳೆಯ ಮಾತನ್ನೇ ಅಂದ. ಆದರೆ ಈ ಸಲ ಅವನ ಮುಖದಲ್ಲಿ ನಗುವಿರಲಿಲ್ಲ.

ಅಷ್ಟರಲ್ಲಿ ಇಲ್ಲಿ ಒಂದು ದಾರಿ ತೆರೆದಿತ್ತು. ಇಲ್ಲಿ ನೆಲೆಸಿದ ಐದು ಜನ ಸೇರಿ ಜವಾಬ್ದಾರಿ ಹೊತ್ತರೆ ಒಂದು ನಿರಾಶ್ರಿತ ಕುಟುಂಬವನ್ನು ಕರೆಸಿಕೊಳ್ಳಬಹುದು. ಐವರ ಹಿನ್ನೆಲೆಯನ್ನೂ ಸರ್ಕಾರ ಪರಿಶೀಲಿಸಬೇಕು, ಒಬ್ಬರದು ಬಾಕಿಯಿದ್ದರೂ ಅರ್ಜಿ ಕದಲುವುದಿಲ್ಲ. ಅದಕ್ಕೆ ಪ್ರತಿಯೊಬ್ಬರೂ ಕಂಪ್ಯೂಟರ್ ಮುಂದೆ ಕೂತು ತಮ್ಮ ವಿವರ ತುಂಬಿ ಒಪ್ಪಿಗೆ ಕೊಡಬೇಕು. ಅಷ್ಟೇ. ತಜಮ್ಮುಲ್, ನಾಸಿರಾ, ಕಾಲೇಜು ಮುಗಿಸುತ್ತಿದ್ದ ಹಮ್ನಾ. ಇನ್ನಿಬ್ಬರು ಬೇಕಿತ್ತು.

"ಕೇಳೋದೇನಿದೆಯೋ, ನಾವಿಲ್ವಾ?" ಅಂದರು ಇವರು. ನನ್ನ ಎದೆ ಉಬ್ಬಿತು. ಎಪ್ಪತ್ತೈದರಲ್ಲಿ ಬೋರ್ಡ್ ಹಿಡಿದಿದ್ದ ಹುಡುಗ ಕಣ್ಣಮುಂದೆ ಬಂದ.

೨೦೨೪ರ ಮಾರ್ಚಿನಲ್ಲಿ ನಾನು ನನ್ನದನ್ನು ಮುಗಿಸಿದೆ. ಇವರು ನನ್ನ ಕಂಪ್ಯೂಟರ್ ನಂಬುವುದಿಲ್ಲ, ತಮ್ಮದರಲ್ಲಿ ಮಾಡಿಕೊಳ್ಳುತ್ತೇನೆ ಅಂದರು. ಆಮೇಲೆ ಬೇಸಿಗೆ ಬಂತು. ಪ್ರತಿ ಭಾನುವಾರ ಟೀ ಬಗ್ಗಿಸುತ್ತಾ ತಜಮ್ಮುಲ್ ಯಾವ ಸುದ್ದಿಯೂ ಬಂದಿಲ್ಲ ಅನ್ನುತ್ತಿದ್ದ. ಸರ್ಕಾರಿ ಕೆಲಸ ದೇವರ ಕೆಲಸ, ಅದರ ಗತಿಯೇ ಹಾಗೆ ಅಂತ ಇವರು ಸಮಾಧಾನ ಹೇಳುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ. ನಮ್ಮ ಜೊತೆಗೇ ಶುರು ಮಾಡಿದ್ದ ಪಕ್ಕದೂರು ಸಿಲ್ವರ್ ಸ್ಪ್ರಿಂಗ್‌ನ ಬರ್ಮಾದವರು ಹೊಣೆ ಹೊತ್ತಿದ್ದ ಒಂದು ಕುಟುಂಬ ಸೆಪ್ಟೆಂಬರಿನಲ್ಲಿ ಬಂದಿಳಿಯಿತು. ಏರ್‌ಪೋರ್ಟಿನಿಂದ ಅವರನ್ನು ಕರೆತಂದವನು ತಜಮ್ಮುಲ್ಲೇ. ಕೊನೆಗೂ ನಮ್ಮ ಅರ್ಜಿ ಓಡಿತು. ಸೋ ಲಿನ್‌ಗೂ ಥಿರಿಗೂ ಫೆಬ್ರುವರಿಯ ಟಿಕೆಟ್ ಆಯಿತು. ನಾಸಿರಾ ಬೇಸ್‌ಮೆಂಟಿನಲ್ಲಿ ಎರಡು ಮಂಚ ಹಾಕಿಸಿದಳು. ನಾನು ಕ್ವಿಲ್ಟ್ ಕೊಟ್ಟೆ.

ಜನವರಿಯಲ್ಲಿ ಇಲ್ಲಿ ಹೊಸ ಸರ್ಕಾರ ಬಂದ ದಿನವೇ ನಿರಾಶ್ರಿತರ ಬಾಗಿಲು ಮುಚ್ಚಿತು. ಟಿಕೆಟ್‌ಗಳೆಲ್ಲ ರದ್ದು.

ನಾನು ತಜಮ್ಮುಲ್ ಮನೆಗೆ ಹೋಗಿ ಅಡುಗೆಮನೆಯಲ್ಲಿ ಕೂತು ಸರ್ಕಾರಕ್ಕೆ ಬಾಯಿಗೆ ಬಂದ ಹಾಗೆ ಶಾಪ ಹಾಕಿದೆ. ನಾಸಿರಾ ಒಲೆಯ ಕಡೆ ತಿರುಗಿ ನಿಂತಿದ್ದಳು. ಹಮ್ನಾಗೆ ತಡೆಯಲಾಗಲಿಲ್ಲ.

"ಆಂಟಿ, ಇಟ್ಸ್ ನಾಟ್ ಓನ್ಲಿ ದೆಮ್," ಅಂದಳು. "ಅಂಕಲ್ ಮಾಡ್ಲಿಲ್ಲ. ಹೋಲ್ ಸಮ್ಮರ್ ಅಂಕಲ್‌ದು ಒಂದೇ ಪೆಂಡಿಂಗ್. ನಾವು ಫೋರ್ ಪೀಪಲ್ ಮಾಡಿದ್ವಿ."

"ಹಮ್ನಾ, ಚುಪ್," ಅಂದ ತಜಮ್ಮುಲ್.

"ವೈ, ಅಬ್ಬಾ? ಆಂಟಿಗೆ ಗೊತ್ತಿಲ್ಲ."

ನನಗೆ ಗೊತ್ತಿರಲಿಲ್ಲ. 

"ನಿನಗೆ ಗೊತ್ತಿತ್ತಾ?" ಅಂತ ತಜಮ್ಮುಲ್‌ನನ್ನು ಕೇಳಿದೆ.

"ಗುಂಪಿನ ಲೀಡರ್ ನಾನಲ್ವಾ ಆಂಟಿ, ಕಾಣ್ಸುತ್ತೆ. ಒಂದ್ಸಲ ಕೇಳ್ದೆ. ಆಗ್ತಾ ಇದೆ ಅಂದ್ರು. ಇನ್ನೊಂದ್ಸಲ ಹೇಗೆ ಕೇಳ್ಲಿ? ದೊಡ್ಡೋರು. ಕೊಟ್ಟ ಮಾತಿನ ಮೇಲೆ ಅನುಮಾನ ಪಟ್ಟ ಹಾಗಾಗಲ್ವಾ?"

"ನನ್ನನ್ನಾದ್ರೂ ಕೇಳಬಾರ್ದಿತ್ತೇನೋ?"

"ಗಂಡ ಹೆಂಡ್ತಿ ಮಧ್ಯ ತಂದಿಟ್ಟ ಹಾಗಾಗುತ್ತೆ ಅಂತ."

ಹಿಮದಲ್ಲಿ ಮೂರು ಬಾಗಿಲು ದಾಟಿ ಮನೆಗೆ ಬಂದೆ. ಇವರು ಟಿವಿ ನೋಡುತ್ತಿದ್ದರು.

"ರೀ, ಬೇಸಿಗೆ ಪೂರ್ತಿ ನಿಮ್ಮದೊಂದೇ ಬಾಕಿ ಇತ್ತಂತೆ?"

"ಆಮೇಲೆ ಮಾಡಿದ್ನಲ್ಲ."

"ಆಗಸ್ಟ್ ಕಳೆದ ಮೇಲೆ. ಅದು ಒಂದು ಲೋಟ ಕಾಫಿ ಕುಡಿಯೋಷ್ಟು ಹೊತ್ತಿನ ಕೆಲಸ ರೀ. ನಾನು ಮಾಡಿದೀನಿ."

ಇವರು ಟಿವಿ ಸದ್ದು ತಗ್ಗಿಸಿದರು. "ರಾಜೀವ ಹದಿನಾಲ್ಕು ವರ್ಷದಿಂದ ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತಿದಾನೆ ಸುಶೀ. ಟ್ಯಾಕ್ಸ್ ಕಟ್ಕೊಂಡು, ಎಲ್ಲಾ ನೇರವಾಗಿ. ಈ ವಿಷಯ ಹೇಳ್ದಾಗ ಅವನು ಫೋನಲ್ಲಿ, 'ಮಾವ, ನಂಗೆ ಯಾರು ಹೊಣೆ ನಿಲ್ತಾರೆ?' ಅಂದ. ನನ್ನ ಕೈಯೇ ಓಡ್ಲಿಲ್ಲ."

ರಾಜೀವ ಇವರ ತಂಗಿಯ ಮಗ. ನಾರ್ತ್ ಕ್ಯಾರೊಲಿನಾದ ಮಾರಿಸ್‌ವಿಲ್‌ನಲ್ಲಿದ್ದಾನೆ, ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ ಕೆಲಸ. ಅವನ ಸಂಕಟ ಸುಳ್ಳಲ್ಲ. ಆದರೆ ಅವನ ಕ್ಯೂ ಬೇರೆ, ಇದು ಬೇರೆ. ಸೋ ಲಿನ್‌ನನ್ನು ತಡೆದರೆ ರಾಜೀವ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಹೃದಯದ ನಾಳಗಳನ್ನೆಲ್ಲ ಬಲ್ಲ ಮನುಷ್ಯನಿಗೆ ಇಷ್ಟು ತಿಳಿಯದೆ?

"ಹಾಗಾದ್ರೆ ಆಗಲ್ಲ ಅಂತ ಹೇಳ್ಬೇಕಿತ್ತು. ಇನ್ನೊಬ್ಬರನ್ನ ಹುಡುಕ್ತಿದ್ದ."

"ಹೇಗೆ ಹೇಳೋದು? ಪಾಪ, ಅಷ್ಟು ವಿಶ್ವಾಸ ಇಟ್ಕೊಂಡು ಬರ್ತಾನೆ."

ಆಗಲ್ಲ ಅಂದಿದ್ದರೆ ಅವನಿಗೆ ಒಂದು ದಿನ ಬೇಜಾರಾಗುತ್ತಿತ್ತು. ಆಗ್ತಾ ಇದೆ ಅಂತ ಹೇಳಿ, ಅವನು ಬಗ್ಗಿಸಿದ ಟೀ ಬೇಸಿಗೆಯಿಡೀ ಕುಡಿದರು. ಸಾಲದ್ದಕ್ಕೆ ಸರ್ಕಾರವನ್ನು ಬೈದರು, ಅದಕ್ಕೆ ನಾನು ತಲೆಯಾಡಿಸಿದೆ. ಇದಕ್ಕೆ ದ್ರೋಹ ಅನ್ನದೆ ಇನ್ನೇನನ್ನಲಿ? ಮೋಸ ಹೋದದ್ದು ತಜಮ್ಮುಲ್ ಒಬ್ಬನೇ ಅಲ್ಲ. ಎಪ್ಪತ್ತೈದರಲ್ಲಿ ನನ್ನ ಪಕ್ಕದಲ್ಲಿ ಬೋರ್ಡ್ ಹಿಡಿದು ನಿಂತಿದ್ದವರು ಎಲ್ಲಿ ಹೋದರು ಅಂತ ನಾನು ಇನ್ನೂ ಹುಡುಕುತ್ತಿದ್ದೇನೆ.

ತಜಮ್ಮುಲ್ ಭಾನುವಾರ ಬರುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅದೇ ಫ್ಲಾಸ್ಕ್, ಅದೇ ಟೀ, ಮೊದಲ ಬಟ್ಟಲು ಇವರಿಗೆ. ಬರ್ಮಾದ ಮಾತು ಮಾತ್ರ ಎತ್ತುತ್ತಿರಲಿಲ್ಲ. ಮೈಸೂರಿನ ಬಿಸಿಲು, ಇಲ್ಲಿ ಹಿತ್ತಲಲ್ಲಿ ಬೆಳೆದ ಹುಲ್ಲು, ಇಷ್ಟೇ. ಇವರು ಅವನು ಎಲ್ಲ ಮರೆತ ಅಂದುಕೊಂಡರು.

ಒಂದು ದಿನ ಮನೆ ಹತ್ತಿರದ ಕೆರೆಯ ಸುತ್ತ ನಡೆಯುವಾಗ ನಾನೇ ಕೇಳಿದೆ. "ಸೋ ಲಿನ್‌ಗೆ ಏನಂತ ಹೇಳ್ದೆಯೋ?"

"ಸರ್ಕಾರ ನಿಲ್ಲಿಸಿಬಿಡ್ತು ಅಂದೆ. ಸುಳ್ಳಲ್ಲ. ಪೂರ್ತಿ ನಿಜಾನೂ ಅಲ್ಲ. ಸೇನೆಯೋರು ಮೋಸ ಮಾಡಿದ್ರೆ ಅದು ಅವರ ಕಸುಬು ಆಂಟಿ. ಸೋ ಲಿನ್ ಮಾಡ್ದಾಗ ಮೂರು ವರ್ಷ ಮಾತು ಬಿಟ್ಟೆ. ಅಂಕಲ್ ಹತ್ರ ಮಾತು ಬಿಟ್ಟು ಎಲ್ಲಿಗೆ ಹೋಗ್ಲಿ? ಇಲ್ಲಿ ಅಪ್ಪನ ಜಾಗದಲ್ಲಿ ನಂಗೆ ಅವರೊಬ್ರೇ. ಅವರನ್ನ ಉಳಿಸೋಕೆ ನಾನು ಸೋ ಲಿನ್‌ಗೆ ಮೋಸ ಮಾಡ್ಬೇಕಾಯ್ತು."

ಅವನ ಬೆನ್ನು ಸವರಿದೆ.

ನಾನು ತಿಂಗಳುಗಟ್ಟಲೆ ಇವರ ತಲೆ ತಿಂದೆ. ಒಮ್ಮೆ ಹೋಗಿ, ತಪ್ಪಾಯ್ತು ಅನ್ನಿ, ಅಷ್ಟೇ ಸಾಕು ಅಂತ. ಕೊನೆಗೆ ಅಕ್ಟೋಬರಿನ ಒಂದು ಸಂಜೆ ಇವರು ಸ್ವೆಟರ್ ಹಾಕಿಕೊಂಡು, "ನಡಿ, ಹೋಗಿ ಬರೋಣ," ಅಂದರು. ನಾಸಿರಾ ಬಾಗಿಲು ತೆರೆದಳು. ಅವಳ ಕಣ್ಣು ಊದಿದ್ದವು. ನೆಗಡಿ ಅಂದಳು. ತಜಮ್ಮುಲ್ ಎದ್ದು ಬಂದು ಇವರನ್ನು ಕೈಹಿಡಿದು ಕೂರಿಸಿ, ಟೀ ಬಗ್ಗಿಸಿದ. ಮೊದಲ ಬಟ್ಟಲು ಇವರಿಗೇ.

ಇವರು ಬಟ್ಟಲನ್ನು ಮೇಜಿನ ಮೇಲೆ ತಿರುಗಿಸಿದರು. ಈಗ ಹೇಳುತ್ತಾರೆ ಅಂದುಕೊಂಡೆ.

"ನೋಡು ತಜಮ್ಮುಲ್," ಅಂದರು, "ಇದೆಲ್ಲ ಶಾಶ್ವತ ಅಲ್ಲ. ಸರ್ಕಾರ ಬದಲಾಗುತ್ತೆ. ಮತ್ತೆ ಶುರುವಾದ ದಿನ ನಿನ್ನ ಗೆಳೆಯನಿಗೆ ಮೊದಲು ಹೊಣೆ ನಿಲ್ಲೋನು ನಾನು."

ತಜಮ್ಮುಲ್ ಇವರ ಬಟ್ಟಲಿಗೆ ಇನ್ನಷ್ಟು ಟೀ ಬಗ್ಗಿಸಿದ. "ಆಗ್ಲಿ ಅಂಕಲ್. ನೋಡೋಣ."

ಅಡುಗೆಮನೆಯಲ್ಲಿ ನಾಸಿರಾ ನನ್ನ ಕೈ ಹಿಡಿದುಕೊಂಡಳು. ಥಾಯ್ಲೆಂಡಿನ ಆ ಊರಿನಲ್ಲಿ ಇನ್ನು ಅಡಗಿರಲಾಗದೆ ಸೋ ಲಿನ್ ಮಳೆಗಾಲಕ್ಕೆ ಮೊದಲೇ ನದಿ ದಾಟಿ ಬರ್ಮಾಗೆ ಮರಳಿದ್ದನಂತೆ. ಒಂದು ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಪುಸ್ತಕ ಅಚ್ಚುಹಾಕಿ ಕೊಡುತ್ತಿದ್ದನಂತೆ. ಸೇನೆಯ ವಿಮಾನ ಆ ಶಾಲೆಯ ಮೇಲೆ ಬಾಂಬ್ ಹಾಕಿತು. ಥಿರಿ ನಿನ್ನೆ ಫೋನ್ ಮಾಡಿದ್ದಳು. ಹುಡುಗಿ ಒಬ್ಬಳೇ ಗಡಿಯ ಊರಿನಲ್ಲಿದ್ದಾಳೆ, ಹೊಲಿಗೆ ಕಾರ್ಖಾನೆಯಲ್ಲಿ.

"ಅಂಕಲ್‌ಗೆ ಹೇಳ್ಬೇಡಿ ಅಂದಿದಾರೆ ಹಮ್ನಾ ಅಬ್ಬಾ," ಅಂದಳು ನಾಸಿರಾ. "ಹಾರ್ಟಿಗೆ ಒಳ್ಳೇದಲ್ಲ ಅಂತ."

ಮನೆಗೆ ನಡೆದು ಬರುವಾಗ ಇವರ ನಡಿಗೆ ಹಗುರವಾಗಿತ್ತು. "ಒಳ್ಳೆ ಹುಡುಗ," ಅಂದರು. "ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ ನೋಡು."

ನನಗೆ ಆ ದಾಕ್ಷಿಣ್ಯ ಇಲ್ಲ. ಇದ್ದದ್ದೆಲ್ಲ ಆ ವರ್ಷ ಖರ್ಚಾಗಿ ಹೋಗಿತ್ತು. ನಮ್ಮ ಬಾಗಿಲ ಮುಂದೆಯೇ ಇವರನ್ನು ನಿಲ್ಲಿಸಿ ಹೇಳಿದೆ. ಸೋ ಲಿನ್ ಸತ್ತ. ಅವನಿಗಾಗಿ ಹಾಕಿದ ಮಂಚ ಕೆಳಗೆ ಖಾಲಿ ಬಿದ್ದಿರುವಾಗ, ಅವನಿಗೆ ಹೊಣೆ ನಿಲ್ಲುತ್ತೇನೆ ಅಂತ ನೀವು ಇವತ್ತು ಮಾತಾಡಿದಿರಿ. ಆ ಹುಡುಗ ನಿಮಗೆ ನೋವಾಗಬಾರದು ಅಂತ ಕೇಳಿಸಿಕೊಂಡ.

ಇವರು ತಿರುಗಿ ಮೂರನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಹೊರಗಿನ ದೀಪ ಇನ್ನೂ ಹೊತ್ತಿತ್ತು. ನಾವು ಮನೆ ಸೇರು‌ವವರೆಗೂ ತಜಮ್ಮುಲ್ ಅದನ್ನು ಆರಿಸುವುದಿಲ್ಲ.

"ಹೋಗಿ," ಅಂದೆ. "ಈಗಲೇ ಹೋಗಿ ಹೇಳಿ ಬನ್ನಿ. ನಾನಿಲ್ಲೇ ನಿಂತಿರ್ತೀನಿ."

ಇವರು ಮತ್ತೊಮ್ಮೆ ಆ ದೀಪದ ಕಡೆ ನೋಡಿದರು. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದು ನಮ್ಮ ಬಾಗಿಲು ತೆರೆದರು.

"ನಾಳೆ ನೋಡೋಣ ಸುಶೀ," ಅಂದರು.